ಸ್ನೋ ಬ್ಲೋವರ್ ಗೇರ್‌ಬಾಕ್ಸ್ ಹೋಗಿದೆ, ರಿಪೇರಿ ಆಗಲ್ಲವಂತೆ. ಹೊಸದು ಯಾವುದು ತಗೊಳ್ಳೋದು?

ಲೇಕ್‌ಎಫೆಕ್ಟ್_ಲಿಂಗಣ್ಣ (ಹ್ಯಾಂಬರ್ಗ್, ನ್ಯೂಯಾರ್ಕ್) · ಗುರುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬಫಲೋ ಊರಿನ ದಕ್ಷಿಣಕ್ಕಿರೋ ನಮ್ಮ ಕಡೆ ಈ ಸೀಸನ್ನಿನ ಮೊದಲ ಸ್ನೋ ಬಿತ್ತು. ಗರಾಜ್‌ನಲ್ಲಿದ್ದ ಬ್ಲೋವರ್ (ಸ್ನೋ ಎತ್ತಿ ದೂರ ಎಸೆಯೋ ಮೆಷಿನ್) ಅವತ್ತೇ ಕೈ ಎತ್ತಿತು. ಮನೆ ಕೊಂಡಾಗ ಹಿಂದಿನ ಮಾಲೀಕರು ಬಿಟ್ಟುಹೋಗಿದ್ದ ಟೂ-ಸ್ಟೇಜ್ ಮೆಷಿನ್: ಮುಂದೆ ಆಗರ್ ಅನ್ನೋ ಸುರುಳಿ ಬ್ಲೇಡು ಸ್ನೋ ಒಳಗೆಳೆದರೆ, ಹಿಂದಿನ ಇಂಪೆಲ್ಲರ್ ಅನ್ನೋ ಫ್ಯಾನು ಅದನ್ನ ಹೊರಗೆ ಎಸೆಯುತ್ತೆ. 26 ಇಂಚು ಅಗಲ, 8 ಹಾರ್ಸ್‌ಪವರ್ ಟೆಕುಮ್ಸೆ ಎಂಜಿನ್. ಬಾಡಿ ಮೇಲಿನ ಸ್ಟಿಕರ್ ಮಾಸಿಹೋಗಿ ಯಾವ ಕಂಪನಿಯದು ಅನ್ನೋದೂ ಗೊತ್ತಾಗಲ್ಲ.

ಎಂಜಿನ್ ಈಗಲೂ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತೆ. ಗಾಲಿ ತಿರುಗುತ್ತೆ, ಒಳಗಿನ ಇಂಪೆಲ್ಲರ್ ತಿರುಗುತ್ತೆ. ಮುಂದಿರೋ ಆಗರ್ ಮಾತ್ರ ನಿಂತಲ್ಲೇ ಕಟಕಟ ಅನ್ನುತ್ತೆ. ಪರಿಚಯದ ಮೆಕ್ಯಾನಿಕ್ ಹತ್ರ ಬಿಚ್ಚಿಸಿದೆ. ಗೇರ್‌ಬಾಕ್ಸ್ ಗ್ರೀಸಿನ ತುಂಬ ಕಂಚಿನ ಪುಡಿ. ಗೇರಿನ ಹಲ್ಲು ಒಂದೂ ನೆಟ್ಟಗಿಲ್ಲ, ಮೇಲಿನ ಕವಚದಲ್ಲಿ ಬಿರುಕು. ಕಾರಣ ಆಗರ್ ಮೇಲೇ ಕಾಣಿಸ್ತಿತ್ತು: ಶಿಯರ್ ಪಿನ್ (ಪೆಟ್ಟು ಬಿದ್ದರೆ ತಾನು ಮುರಿದು ಗೇರ್ ಉಳಿಸೋ ಪಿನ್) ಇರಬೇಕಾದ ಜಾಗದಲ್ಲಿ ಯಾರೋ ಗಟ್ಟಿ ಉಕ್ಕಿನ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಪದೇಪದೇ ಪಿನ್ ಮುರೀತಿದೆ ಅಂತ ಬೇಜಾರಾಗಿ ಹಾಕಿರಬೇಕು. ಫ್ಯೂಸ್ ಹೋಗುತ್ತೆ ಅಂತ ದಪ್ಪ ತಂತಿ ಸುತ್ತಿದ ಹಾಗೆ. ಆಮೇಲೆ ಸುಡೋದು ಮನೆಯ ವೈರಿಂಗೇ ತಾನೆ?

ನಮ್ಮ ಡ್ರೈವ್‌ವೇ ಸುಮಾರು 60 ಅಡಿ ಉದ್ದ, 18 ಅಡಿ ಅಗಲ, ಕಾಂಕ್ರೀಟು, ರಸ್ತೆ ಕಡೆಗೆ ಸ್ವಲ್ಪ ಇಳಿಜಾರು. ಮುಂದೆ ಕೌಂಟಿ ರಸ್ತೆ ಇರೋದರಿಂದ ಸ್ನೋ ತಳ್ಳೋ ಪ್ಲೌ ಗಾಡಿ ಬಂದುಹೋದ ಮೇಲೆ ಡ್ರೈವ್‌ವೇ ಬಾಯಿಗೇ ಸೊಂಟದೆತ್ತರ ಗುಡ್ಡೆ. ಬಜೆಟ್ 1,500 ಡಾಲರ್. ನಮ್ಮನೆಯವರು ಬ್ಯಾಟರಿದು ತಗೊಳ್ಳಿ, ಪೆಟ್ರೋಲ್ ವಾಸನೆ ಸಾಕು ಅಂತಾರೆ. ಪಕ್ಕದ ಮನೆಯ ತಾತ 30 ಇಂಚಿಗಿಂತ ಚಿಕ್ಕದು ತಂದರೆ ಅಳ್ತೀಯಾ ಅಂತಾನೆ. ಅನುಭವ ಇದ್ದವರು ಹೇಳಿ.

ಮಂಡ್ಯ_ಮಿನ್ನೆಸೋಟ (ಮೇಪಲ್ ಗ್ರೋವ್) · ಗುರುವಾರ ರಾತ್ರಿ 10:15

ಲಿಂಗಣ್ಣ, ಅಷ್ಟು ಬೇಗ ತಿಥಿ ಮಾಡಬೇಡಿ ಕಣಣ್ಣ. ಇಂಥವು ಕ್ರೇಗ್ಸ್‌ಲಿಸ್ಟ್ ಅನ್ನೋ ಹಳೇ ಸಾಮಾನಿನ ಸೈಟ್‌ನಲ್ಲಿ ಎಂಜಿನ್ ಸತ್ತುಹೋಗಿರೋವು ಐವತ್ತು ಡಾಲರಿಗೆ ಸಿಗ್ತವೆ. ಅದರ ಗೇರ್‌ಬಾಕ್ಸ್ ಬಿಚ್ಚಿ ಇದಕ್ಕೆ ಹಾಕಿ, ಮುಗೀತು. ಟೆಕುಮ್ಸೆಯವರು 2008ರ ಕೊನೇಲಿ ಎಂಜಿನ್ ಮಾಡೋದನ್ನೇ ನಿಲ್ಲಿಸಿಬಿಟ್ಟರು. ಇವತ್ತಿಗೂ ಎರಡನೇ ಎಳೆತಕ್ಕೆ ಎದ್ದು ಕೂರುತ್ತೆ ಅಂದ್ರೆ ಅದನ್ನ ಗುಜರಿಗೆ ಹಾಕೋಕೆ ಮನಸ್ಸು ಹೆಂಗಾದ್ರೂ ಬರುತ್ತೆ?

ಲೇಕ್‌ಎಫೆಕ್ಟ್_ಲಿಂಗಣ್ಣ · ಗುರುವಾರ ರಾತ್ರಿ 10:32

ಅದನ್ನೂ ಕೇಳಿದೆ. ಗೇರ್‌ಬಾಕ್ಸ್ ಒಂದೇ ಆಗಿದ್ದರೆ ನೋಡಬಹುದಿತ್ತಂತೆ. ಆಗರ್‌ಗಳು ಶಾಫ್ಟಿಗೆ ತುಕ್ಕು ಹಿಡಿದು ಬೆಸುಗೆ ಹಾಕಿದಂತೆ ಕೂತಿವೆ. ಬೆಂಕಿ ಹಿಡಿದು ಕಾಯಿಸಿ ಸುತ್ತಿಗೆಯಲ್ಲಿ ಬಡಿದರೂ ಕದಲಲಿಲ್ಲ. ಬಕೆಟ್ಟಿನ (ಆಗರ್ ಸುತ್ತಲಿನ ತಗಡಿನ ಬಾಯಿ) ತಳ, ನೆಲ ಕೆರೆಯೋ ಸ್ಕ್ರೇಪರ್ ಪಟ್ಟಿ ಕೂರೋ ಜಾಗದಲ್ಲಿ, ರಸ್ತೆ ಉಪ್ಪು ತಿಂದು ತೂತು ಬಿದ್ದಿದೆ. ಮೆಕ್ಯಾನಿಕ್ಕೇ "ನನಗೆ ಕೂಲಿ ಕೊಡೋ ದುಡ್ಡನ್ನ ಹೊಸದಕ್ಕೆ ಹಾಕು" ಅಂದ. ಗಿರಾಕಿ ಬೇಡ ಅನ್ನೋ ಮೆಕ್ಯಾನಿಕ್ ಮಾತು ನಂಬಲೇಬೇಕಲ್ಲ.

ಮಂಡ್ಯ_ಮಿನ್ನೆಸೋಟ · ಗುರುವಾರ ರಾತ್ರಿ 10:36

ಹಂಗಾದ್ರೆ ಬುಡಿ. ಎಂಜಿನ್ ಮಾತ್ರ ಬಿಚ್ಚಿಟ್ಟುಕೊಳ್ಳಿ, ಕೇಳೋರು ಬಂದೇ ಬರ್ತಾರೆ.

ಸಪ್ತಾಪುರದವ (ರೋಚೆಸ್ಟರ್, ನ್ಯೂಯಾರ್ಕ್) · ಗುರುವಾರ ರಾತ್ರಿ 11:05

ಅಲ್ರಿ, ಇಷ್ಟ್ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ? ಪ್ಲೌ ಗಾಡಿಯವಂಗ ಸೀಸನ್ನಿಗೆ ಇಷ್ಟು ಅಂತ ಕೊಟ್ಟು ಒಳಗ ಕುಂತು ಚಹಾ ಕುಡೀರಿ. ನಾ ವರ್ಷಾ ಹಂಗ ಮಾಡ್ತೀನಿ. ಮಷೀನು ಇಲ್ಲ, ಎಣ್ಣಿ ಇಲ್ಲ, ಗರಾಜಿನ್ಯಾಗ ಜಾಗಾನೂ ಉಳೀತದ. 1,500 ಡಾಲರಿನ್ಯಾಗ ಮೂರ್ನಾಕು ಚಳಿಗಾಲ ಹೋಗ್ತಾವ. ಬ್ಯಾಂಕಿನ್ಯಾಗ ಇದ್ದವಂಗ ಲೆಕ್ಕಾ ಹೇಳಿಕೊಡಬ್ಯಾಡ್ರಿ ಮತ್ತ.

ಲೇಕ್‌ಎಫೆಕ್ಟ್_ಲಿಂಗಣ್ಣ · ಶುಕ್ರವಾರ ಬೆಳಿಗ್ಗೆ 7:20

ಸಪ್ತಾಪುರದವ್ರೇ, ನಿಮ್ಮ ಲೆಕ್ಕ ಸರಿ ಇದೆ, ನಮ್ಮ ಊರಿಗೆ ಹೊಂದಲ್ಲ. ನವೆಂಬರ್ 2022 ನೆನಪಿದೆಯಲ್ಲ? ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್ ಕಡೆ ಒಂದೇ ಹೊಡೆತಕ್ಕೆ 80 ಇಂಚಿನ ಆಸುಪಾಸು ಬಿತ್ತು. ಇಲ್ಲಿನ ಬಿಲ್ಸ್ ಫುಟ್‌ಬಾಲ್ ತಂಡದ ಮ್ಯಾಚನ್ನೇ ಡೆಟ್ರಾಯಿಟಿಗೆ ಸಾಗಿಸಿದರು. ಯಾರೂ ಗಾಡಿ ರಸ್ತೆಗಿಳಿಸಬಾರದು ಅಂತ ಆದೇಶ ಇತ್ತು. ಅಂಥ ದಿನ ಕಾಂಟ್ರಾಕ್ಟ್‌ನವನ ಪಿಕಪ್ ಅವನ ಮನೆ ಮುಂದೆಯೇ ಹೂತುಹೋಗಿರುತ್ತೆ.

ಈರಿ ಸರೋವರದ ಆಟವೇ ಬೇರೆ. ನೀರು ಇನ್ನೂ ಬೆಚ್ಚಗಿರುವಾಗ ಮೇಲೆ ಕೆನಡಾ ಕಡೆಯ ಚಳಿಗಾಳಿ ಬೀಸಿದರೆ ತೇವವನ್ನೆಲ್ಲ ಹೀರಿ ತಂದು ಒಂದು ಪಟ್ಟೆಯಲ್ಲಿ ಸುರಿಯುತ್ತೆ. ನಮ್ಮಲ್ಲಿ ನಾಲ್ಕಡಿ ಬಿದ್ದಾಗ ಹತ್ತು ಮೈಲಿ ಆಚೆ ಬಿಸಿಲು ಇರಬಹುದು. ಸರೋವರ ಹೆಪ್ಪುಗಟ್ಟೋವರೆಗೆ ನೆಮ್ಮದಿ ಇಲ್ಲ. ಅದಕ್ಕೇ ಸ್ವಂತದ್ದು ಇರಲೇಬೇಕು.

ಡಾಕ್ಟ್ರಮ್ಮ_ವೂಸ್ಟರ್ (ಮ್ಯಾಸಚೂಸೆಟ್ಸ್) · ಶುಕ್ರವಾರ ಮಧ್ಯಾಹ್ನ 12:50

ಮೊದಲು ಒಂದು ಮಾತು. ಹೊಸ ಮೆಷಿನ್ ಬರೋವರೆಗೆ "ಏನು ಮಹಾ" ಅಂತ ಸಲಿಕೆ ಹಿಡಿಯಬೇಡಿ. ನಿಮ್ಮ ಡ್ರೈವ್‌ವೇ ಲೆಕ್ಕ ಹಾಕಿದೆ: 60 ಗುಣಿಲೆ 18 ಅಂದರೆ 1,080 ಚದರ ಅಡಿ. ಒಂದಡಿ ಹಗುರ ಸ್ನೋ ಬಿದ್ದರೂ, ಹತ್ತಿಂಚು ಸ್ನೋ ಕರಗಿದರೆ ಒಂದಿಂಚು ನೀರು ಅನ್ನೋ ಸಾಮಾನ್ಯ ಲೆಕ್ಕದಲ್ಲಿ, ಹತ್ತಿರ ಹತ್ತಿರ ಮೂರು ಟನ್ ಆಗುತ್ತೆ. ನಮ್ಮ ನ್ಯೂ ಇಂಗ್ಲೆಂಡಿನ ಒದ್ದೆ ಸ್ನೋ ಆದರೆ ಅದರ ಎರಡರಷ್ಟು ಅಂದ್ಕೊಳ್ಳಿ. ಚಳಿಗೆ ರಕ್ತನಾಳ ಬಿಗಿದುಕೊಂಡಿರುತ್ತೆ, ಬೆಳಿಗ್ಗೆ ಎದ್ದವರು ನೇರ ಹೋಗಿ ಉಸಿರು ಬಿಗಿಹಿಡಿದು ಭಾರ ಎತ್ತುತ್ತಾರೆ. ದಕ್ಷಿಣ ಏಷ್ಯಾದ ನಮ್ಮವರಿಗೆ ಹೃದಯದ ತೊಂದರೆ ಮೊದಲೇ ಹೆಚ್ಚು, ಬರೋದೂ ಚಿಕ್ಕ ವಯಸ್ಸಿಗೆ. ಊರಿಂದ ಬಂದ ಮಾವನವರು "ನಾನೂ ಸ್ವಲ್ಪ ಕೈ ಹಾಕ್ತೀನಿ" ಅಂತ ಮಂಕಿಕ್ಯಾಪ್ ಹಾಕ್ಕೊಂಡು ಹೊರಟರೆ ಬಾಗಿಲಲ್ಲೇ ತಡೀರಿ.

ಬ್ಯಾಟರಿ ವಿಷಯಕ್ಕೆ ಬರ್ತೀನಿ. ನಮ್ಮನೇಲಿ ಎರಡು ಬ್ಯಾಟರಿ ಹಾಕೋ ಟೂ-ಸ್ಟೇಜ್ ಇದೆ. ಬಟನ್ ಒತ್ತಿದರೆ ಸ್ಟಾರ್ಟ್, ಸದ್ದು ಕಡಿಮೆ, ಬೆಳಿಗ್ಗೆ ಐದಕ್ಕೆ ಡ್ಯೂಟಿಗೆ ಹೊರಟರೂ ಪಕ್ಕದ ಮನೆಯವರು ಬೈಯಲ್ಲ. ಆರೆಂಟು ಇಂಚಿನವರೆಗೆ ನನಗೆ ಯಾವ ತಕರಾರೂ ಇಲ್ಲ. ಪ್ಲೌ ಗುಡ್ಡೆ ಮಾತ್ರ ಬ್ಯಾಟರಿಯನ್ನು ಕುಡಿದುಬಿಡುತ್ತೆ. ಉಳಿದ ಡ್ರೈವ್‌ವೇ ಪೂರ್ತಿಗೆ ಎಷ್ಟು ಚಾರ್ಜ್ ಬೇಕೋ ಆ ಬಾಯಿಯ ಹತ್ತಡಿಗೂ ಅಷ್ಟೇ ಬೇಕು. ಬ್ಯಾಟರಿಯನ್ನು ಗರಾಜ್ ಚಳಿಯಲ್ಲಿ ಬಿಡದೆ ಮನೆಯೊಳಗೆ ಇಟ್ಟುಕೊಳ್ಳಬೇಕು. ಕರೆಂಟ್ ಹೋದರೆ ಚಾರ್ಜೂ ಇಲ್ಲ. ನಿಮ್ಮ ಊರಿನ 80 ಇಂಚಿಗೆ ನಾನಾಗಿದ್ದರೆ ಪೆಟ್ರೋಲ್‌ದೇ ತಗೊಳ್ತಿದ್ದೆ. ನಿಮ್ಮನೆಯವರಿಗೆ ಈ ಪೋಸ್ಟ್ ತೋರಿಸಬೇಡಿ.

ಎಡಿಸನ್_ಈರಣ್ಣ (ನ್ಯೂಜೆರ್ಸಿ) · ಶುಕ್ರವಾರ ಮಧ್ಯಾಹ್ನ 1:30

ನಾನು ಸಿಂಗಲ್ ಸ್ಟೇಜ್ (ಬೇರೆ ಇಂಪೆಲ್ಲರ್ ಇಲ್ಲದ್ದು) ಇಟ್ಕೊಂಡಿದ್ದೀನಿ, ಹಗುರ, ರಬ್ಬರ್ ಪ್ಯಾಡಲ್ ನೆಲ ಮುಟ್ಟಿ ಗುಡಿಸುತ್ತೆ, ಕಾಂಕ್ರೀಟ್ ಕಾಣೋ ಹಾಗೆ ಕ್ಲೀನ್. 700 ಡಾಲರ್ ಒಳಗೆ ಮುಗೀತು. ಎಲ್ಲರೂ ಯಾಕೆ ಟ್ಯಾಂಕ್ ಕೊಳ್ಳೋಕೆ ಹೇಳ್ತಿದ್ದೀರ?

ಮಂಡ್ಯ_ಮಿನ್ನೆಸೋಟ · ಶುಕ್ರವಾರ ಮಧ್ಯಾಹ್ನ 1:41

ಈರಣ್ಣ, ಎಡಿಸನ್ನಿನಲ್ಲಿ ಬೀಳೋದನ್ನ ನಮ್ಮ ಕಡೆ ಸ್ನೋ ಅನ್ನಲ್ಲ, ಇಬ್ಬನಿ ಅಂತೀವಿ. 🙂

ಒಟ್ಟಾವಾ_ಭಟ್ರು (ಮೂಲ ಪುತ್ತೂರು) · ಶುಕ್ರವಾರ ಸಂಜೆ 6:10

ಮಾರಾಯ್ರೇ, ಯಾರೂ ಹೋಂಡಾ ಹೆಸರು ಎತ್ತಲಿಲ್ಲವಲ್ಲ! ನನ್ನಲ್ಲಿ ಟ್ರ್ಯಾಕ್ ಇರುವುದು ಉಂಟು, ಗಾಲಿ ಬದಲು ಯುದ್ಧದ ಟ್ಯಾಂಕಿನ ಹಾಗೆ ಪಟ್ಟಿ. ಹೈಡ್ರೋಸ್ಟ್ಯಾಟಿಕ್ ಡ್ರೈವ್, ಅಂದರೆ ಒಂದನೇ ಗೇರು ಎರಡನೇ ಗೇರು ಅಂತ ಇಲ್ಲ, ಲಿವರ್ ದೂಡಿದಷ್ಟು ವೇಗ. ಗುಡ್ಡೆ ಹತ್ತಿರ ಬಂದಾಗ ಇರುವೆ ನಡೆದ ಹಾಗೆ ನಿಧಾನ ಮಾಡಬಹುದು. ಮಾಮೂಲಿ ಮೆಷಿನಿನಲ್ಲಿ ಗಾಲಿ ತಿರುಗಿಸಲಿಕ್ಕೆ ರಬ್ಬರ್ ಸುತ್ತಿದ ಫ್ರಿಕ್ಷನ್ ಡಿಸ್ಕ್ ಇರ್ತದೆ, ಅದು ಸವೆದರೆ ಎಳೆಯುವ ಶಕ್ತಿ ಹೋಯ್ತು. ಹಾಗಂತ ಅದನ್ನು ಬದಲಾಯಿಸುವುದು ದೊಡ್ಡ ವಿದ್ಯೆ ಏನಲ್ಲ.

ಬೆಲೆ ಕೇಳಬೇಡಿ. ಅಮೆರಿಕದಲ್ಲಿ ಚಿಕ್ಕದಕ್ಕೇ 3,000 ಡಾಲರ್ ಆಸುಪಾಸು ಅಂತೆ, ನಿಮ್ಮ ಬಜೆಟ್ಟಿನ ಎರಡು ಪಟ್ಟು. ಇಲ್ಲಿ ವರ್ಷಕ್ಕೆ ಎರಡು ಮೀಟರಿಗೂ ಹೆಚ್ಚು ಬೀಳ್ತದೆ, ಹಾಗಾಗಿ ನನಗೆ ಬೇಸರ ಇಲ್ಲ. ನಿಮ್ಮಲ್ಲಿ ಇಳಿಜಾರು ಸ್ವಲ್ಪ ಮಾತ್ರ ಅಂದ್ರಲ್ಲ, ಟ್ರ್ಯಾಕ್ ಬೇಕಂತಿಲ್ಲ. ಟ್ರ್ಯಾಕಿನದ್ದು ತಿರುಗಿಸಲಿಕ್ಕೂ ಕಷ್ಟ.

ಸುಮ್ಮನೆ ಒಂದು ವಿಷಯ: ಈ ಸ್ನೋ ಬ್ಲೋವರ್ ಹುಟ್ಟಿದ್ದೇ ನಮ್ಮ ಪಕ್ಕದ ಕ್ವಿಬೆಕ್‌ನಲ್ಲಿ. ಆರ್ಥರ್ ಸಿಕಾರ್ ಎಂಬವರು 1925ರಲ್ಲಿ ಮಾಡಿದ್ದು, ಟ್ರಕ್ಕಿನ ಗಾತ್ರದ್ದು. ಮಾಂಟ್ರಿಯಲ್ ಬಳಿಯ ಊಟ್ರಮೋಂಟ್ ಪಟ್ಟಣ 1927ರಲ್ಲಿ ಕೊಂಡುಕೊಂಡಿತು. ನಮ್ಮ ಗರಾಜಿಗೆ ಹಿಡಿಯುವಂಥದ್ದು ಬರಲಿಕ್ಕೆ ಮತ್ತೂ ಎಷ್ಟೋ ವರ್ಷ ಬೇಕಾಯ್ತು.

ಹಳೇ_ಸ್ಪ್ಯಾನರ್ (ಆಪಲ್‌ಟನ್, ವಿಸ್ಕಾನ್ಸಿನ್) · ಶುಕ್ರವಾರ ರಾತ್ರಿ 9:25

ತಡವಾಗಿ ಬಂದೆ. ಲಿಂಗಣ್ಣನವರೇ, ನಾನು ಚಳಿಗಾಲದಲ್ಲಿ ಇವನ್ನೇ ಬಿಚ್ಚಿ ಜೋಡಿಸೋ ಹವ್ಯಾಸದವನು. ನಿಮ್ಮ ತಾತನ ಮಾತು ಕೇಳಬೇಡಿ.

ಅಂಗಡಿಯಲ್ಲಿ ಎಲ್ಲರೂ ನೋಡೋದು ಅಗಲ. 24, 28, 30. ಅಗಲ ಹೆಚ್ಚಾದರೆ ನಡಿಗೆ ಕಡಿಮೆ, ಅಷ್ಟೇ. ಅದೇ ಎಂಜಿನ್ನಿಗೆ ಅಗಲದ ಬಕೆಟ್ ಕೊಟ್ಟರೆ ಗುಡ್ಡೆಯ ಮುಂದೆ ಏದುಸಿರು ಬಿಡುತ್ತೆ. ಹಾರ್ಸ್‌ಪವರ್ ಅಂತೂ ಮರೆತೇಬಿಡಿ. ಹುಲ್ಲು ಕತ್ತರಿಸೋ ಮೆಷಿನ್‌ಗಳ ಮೇಲೆ ಹಾಕ್ತಿದ್ದ ಹಾರ್ಸ್‌ಪವರ್ ಅಂಕಿ ಸುಳ್ಳು ಅಂತ ಇಲ್ಲಿ ಕೋರ್ಟಿಗೇ ಹೋಗಿ 2010ರಲ್ಲಿ ರಾಜಿ ಆಯ್ತು. ಈಗ ಡಬ್ಬದ ಮೇಲೆ ಸಿಸಿ ಇರುತ್ತೆ, ಅದನ್ನು ನೋಡಿ. ನಿಮ್ಮ ಜಾಗಕ್ಕೆ 24 ಇಂಚು ಅಗಲ, 250 ಸಿಸಿ ಅಕ್ಕಪಕ್ಕದ ಎಂಜಿನ್ ಧಾರಾಳ ಸಾಕು.

ನೀವು ಮಂಡಿಯೂರಿ ನೋಡಬೇಕಾದ್ದು ಬಕೆಟ್ಟಿನ ಒಳಗೆ. ಆಗರ್ ನಡುವಿರೋ ಗೇರ್‌ಬಾಕ್ಸ್ ಬೀಡು ಕಬ್ಬಿಣವೋ ಅಲ್ಯೂಮಿನಿಯಮ್ಮೋ ಕೇಳಿ. ಅದರ ಹಿಂದೆ ಇಂಪೆಲ್ಲರ್ ಎಷ್ಟು ಇಂಚು, 12ಓ 14ಓ. ಆಗರ್ ಕೆಲಸ ಗುಡ್ಡೆಯನ್ನು ಪುಡಿ ಮಾಡಿ ನಡುವಿಗೆ ತಳ್ಳೋದು, ದೂರ ಎಸೆಯೋದು ಇಂಪೆಲ್ಲರ್. ಇಂಪೆಲ್ಲರಿನ ತುದಿಗೂ ಸುತ್ತಲಿನ ಡ್ರಮ್ಮಿಗೂ ನಡುವೆ ಬೆರಳು ತೂರೋಷ್ಟು ಸಂದಿ ಇದ್ದರೆ ಮಾರ್ಚ್ ತಿಂಗಳ ಕೆಸರು ಸ್ನೋ ಅಲ್ಲೇ ಕಚ್ಚಿಕೊಳ್ಳುತ್ತೆ. (ಎಂಜಿನ್ ಆಫ್ ಇರೋ ಅಂಗಡಿ ಮೆಷಿನ್‌ನಲ್ಲಿ ಕಣ್ಣಲ್ಲಿ ನೋಡಿ, ಬೆರಳು ತೂರಿಸಿ ಅಂತಲ್ಲ.) ಸ್ನೋ ಹೊರಬರೋ ಕೊಳವೆ, ಅಂದರೆ ಚೂಟ್, ಉಕ್ಕಿಂದಾಗಿದ್ದರೆ ಬಾಳಿಕೆ ಜಾಸ್ತಿ. ತ್ರೀ-ಸ್ಟೇಜ್ ಅಂತ ಬರೋದರಲ್ಲಿ ನಡುವೆ ಇನ್ನೊಂದು ಚಿಕ್ಕ ಆಗರ್ ವೇಗವಾಗಿ ತಿರುಗುತ್ತೆ, ಗಟ್ಟಿ ಗುಡ್ಡೆಗೆ ಚೆನ್ನಾಗಿದೆ, ತಿರುಗೋ ಭಾಗ ಹೆಚ್ಚಾದಷ್ಟು ಕೆಡೋದೂ ಹೆಚ್ಚು ಅಂತ ನನ್ನ ಅಭಿಪ್ರಾಯ.

ಇದಕ್ಕಿಂತ ದೊಡ್ಡದು: ಯಾರ ಹತ್ರ ಕೊಳ್ತೀರಿ ಅನ್ನೋದು. ಬೆಲ್ಟು, ಪಿನ್ನು, ಕೇಬಲ್ ಕಪಾಟಿನಲ್ಲಿ ಇಟ್ಟಿರೋ ಡೀಲರ್ ನಿಮ್ಮ ಊರಲ್ಲಿದ್ದರೆ ಅವನು ಮಾರೋ ಬ್ರ್ಯಾಂಡೇ ನಿಮಗೆ ಒಳ್ಳೆ ಬ್ರ್ಯಾಂಡ್. ನಮಗೆ ಆರಿಯನ್ಸ್ ಫ್ಯಾಕ್ಟರಿ ಇರೋ ಬ್ರಿಲಿಯನ್ ಅರ್ಧ ಗಂಟೆ ದಾರಿ. 1933ರಲ್ಲಿ ಶುರುವಾದ ಕಂಪನಿ, 1960ರಿಂದ ಸ್ನೋ ಬ್ಲೋವರ್ ಮಾಡ್ತಿದೆ. ಹಾಗಾಗಿ ನನ್ನದು ಕಿತ್ತಳೆ ಬಣ್ಣ, ಅಭಿಮಾನ ಅಂದ್ಕೊಳ್ಳಿ. ಟೋರೋದವರು ಮಿನ್ನೆಸೋಟದವರು, ಅವರದೂ ಕಡೆಗಣಿಸೋ ಮಾಲಲ್ಲ. ದೊಡ್ಡ ಅಂಗಡಿಗಳಲ್ಲಿ ಡಬ್ಬದಿಂದ ತೆಗೆದು ಜೋಡಿಸೋ ಹುಡುಗ ನಿನ್ನೆ ಗ್ರಿಲ್ ಜೋಡಿಸಿದವನು, ನಾಳೆ ಸೈಕಲ್ ಜೋಡಿಸೋನು. ಟೈರಿನ ಗಾಳಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದರೂ ಮೆಷಿನ್ ಒಂದೇ ಪಕ್ಕಕ್ಕೆ ಎಳೆಯುತ್ತೆ. ಬಕೆಟ್ಟನ್ನು ನೆಲದಿಂದ ಎತ್ತಿ ಹಿಡಿಯೋ ಸ್ಕಿಡ್ ಶೂಗಳೂ ಅಷ್ಟೇ.

ನಿಮ್ಮ ಹಳೇದು ಸತ್ತಿದ್ದು ಬೋಲ್ಟಿನಿಂದ ಮಾತ್ರ ಅಲ್ಲ. ಸರಿಯಾದ ಪಿನ್ ಇದ್ದಿದ್ದರೂ ಆ ತುಕ್ಕು ಅದನ್ನ ಕೊಲ್ತಿತ್ತು. ಕಲ್ಲು ಸಿಕ್ಕಾಗ ಪಿನ್ ತುಂಡಾದರೆ ಆಗರ್ ಶಾಫ್ಟಿನ ಮೇಲೆ ಸಡಿಲವಾಗಿ ಸುತ್ತಬೇಕು, ಆಗಲೇ ಗೇರಿಗೆ ಪೆಟ್ಟು ತಗಲಲ್ಲ. ತುಕ್ಕು ಎರಡನ್ನೂ ಒಂದು ಮಾಡಿಬಿಟ್ಟರೆ ಪಿನ್ ಇದ್ದೂ ಇಲ್ಲದ ಲೆಕ್ಕ. ಹೊಸದರಲ್ಲಿ ಪ್ರತಿ ಅಕ್ಟೋಬರ್ ಸ್ಪಾರ್ಕ್ ಪ್ಲಗ್ ವೈರ್ ತೆಗೆದಿಟ್ಟು, ಎರಡೂ ಪಿನ್ ಕಳಚಿ, ಗ್ರೀಸ್ ಗನ್ನಿನಿಂದ ಆಗರ್ ನಿಪ್ಪಲ್ಲಿಗೆ ಗ್ರೀಸ್ ಹೊಡೆಯಿರಿ. ತುದಿಯಲ್ಲಿ ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣಿಸೋವರೆಗೆ. ಗ್ಲೌಸ್ ಹಾಕಿ ಆಗರನ್ನು ಕೈಯಲ್ಲಿ ತಿರುಗಿಸಿ. ಸರಾಗ ಸುತ್ತಿದರೆ ಮಾತ್ರ ಪಿನ್ ವಾಪಸ್. ಈ ಕೆಲಸ ಮಾಡಿದ ಮೆಷಿನ್ ಮಕ್ಕಳ ಕಾಲಕ್ಕೂ ಬರುತ್ತೆ.

ಮಂಡ್ಯ_ಮಿನ್ನೆಸೋಟ · ಶುಕ್ರವಾರ ರಾತ್ರಿ 10:02

ಸ್ಪ್ಯಾನರ್ ಅಣ್ಣ, ನಮ್ಮೂರಿನ ಕೆಂಪು ಮೆಷಿನ್ ಪರವಾಗಿ ಒಂದು ಮಾತು. ಟೋರೋ ಪವರ್ ಮ್ಯಾಕ್ಸ್‌ನಲ್ಲಿ ಶಿಯರ್ ಪಿನ್ನೇ ಇಲ್ಲ. ಗೇರನ್ನೇ ಗಟ್ಟಿ ಮಾಡಿ ಇಟ್ಟವ್ರೆ. ಮುರಿಯೋ ಪಿನ್ ಇಲ್ಲದಿದ್ರೆ ತಪ್ಪು ಬೋಲ್ಟ್ ಹಾಕೋರೂ ಇಲ್ಲ, ಮೈನಸ್ ಇಪ್ಪತ್ತರಲ್ಲಿ ಮಂಡಿಯೂರಿ ಪಿನ್ ಹುಡುಕೋ ಕರ್ಮವೂ ಇಲ್ಲ. ಲಿಂಗಣ್ಣನ ಕತೆಗೆ ಇದೇ ಮದ್ದು ಅಲ್ವಾ?

ಹಳೇ_ಸ್ಪ್ಯಾನರ್ · ಶುಕ್ರವಾರ ರಾತ್ರಿ 10:30

ನ್ಯಾಯವಾದ ಪ್ರಶ್ನೆ. ಅದು ಬೇಕಂತಲೇ ಮಾಡಿದ ವಿನ್ಯಾಸ, ಜನ ವರ್ಷಗಟ್ಟಲೆ ಓಡಿಸ್ತಿದ್ದಾರೆ, ತಪ್ಪು ಹೇಳಲ್ಲ. ಪಿನ್‌ಗೆ ಅಂತ ಮಾಡಿದ ಮೆಷಿನ್‌ಗೆ ಗಟ್ಟಿ ಬೋಲ್ಟ್ ಹಾಕೋದಕ್ಕೂ, ಮೊದಲಿಂದಲೇ ಗಟ್ಟಿ ಗೇರ್ ಕೂರಿಸಿರೋದಕ್ಕೂ ಅಜಗಜಾಂತರ. ಲಿಂಗಣ್ಣನ ಜಾಗಕ್ಕೆ ನನ್ನ ಒಲವು ಪಿನ್ ಕಡೆಗೇ. ಕೌಂಟಿ ಪ್ಲೌ ತರೋ ಗುಡ್ಡೆಯಲ್ಲಿ ಸ್ನೋ ಮಾತ್ರ ಇರಲ್ಲ. ಡಾಂಬರು ತುಂಡು, ದಿನಪತ್ರಿಕೆ ಕಟ್ಟು, ಒಂದ್ಸಲ ನಮ್ಮನೇಲಿ ಇಡೀ ಮೇಲ್‌ಬಾಕ್ಸ್ ಕಂಬದ ಚೂರು. ಅಂಥದ್ದಕ್ಕೆ ಕೆಲವು ಡಾಲರಿನ ಪಿನ್ ಬಲಿ ಕೊಡೋದೇ ನನಗೆ ಇಷ್ಟ. ಹ್ಯಾಂಡಲ್ ಹತ್ರ ನಾಲ್ಕು ಪಿನ್, ಒಂದು ಚಿಕ್ಕ ಸುತ್ತಿಗೆ ಟೇಪ್ ಹಾಕಿ ಅಂಟಿಸಿಟ್ಟಿರಿ. ಆಯಾ ಕಂಪನಿಯದೇ ಪಿನ್ ತಗೊಳ್ಳಿ, ದಪ್ಪ ಒಂದೇ ಇದ್ದರೂ ಮುರಿಯೋ ಲೆಕ್ಕ ಬೇರೆ ಇರುತ್ತೆ.

ಡಾಕ್ಟ್ರಮ್ಮ_ವೂಸ್ಟರ್ · ಶನಿವಾರ ಬೆಳಿಗ್ಗೆ 8:15

ಬೆರಳಿನ ಮಾತು ಬಂತು, ಅದಕ್ಕೇ ಬರೀತಿದ್ದೀನಿ. ದೊಡ್ಡ ಸ್ನೋ ಬಿದ್ದ ಮಾರನೇ ದಿನ ಎಮರ್ಜೆನ್ಸಿಗೆ ಬರೋ ಕೈಗಳ ಕತೆ ಒಂದೇ ತರಹ ಇರುತ್ತೆ. ಒದ್ದೆ ಸ್ನೋ ಚೂಟ್‌ನಲ್ಲಿ ಕಟ್ಟಿಕೊಳ್ಳುತ್ತೆ, ಇವರು ಎಂಜಿನ್ ಆಫ್ ಮಾಡ್ತಾರೆ, "ಆಫ್ ಆಯ್ತಲ್ಲ" ಅಂತ ಕೈ ಹಾಕ್ತಾರೆ. ಒಳಗೆ ಬಿಗಿಯಾಗಿ ಸಿಕ್ಕಿಕೊಂಡ ಬ್ಲೇಡಿನಲ್ಲಿ ಇನ್ನೂ ಸೆಳೆತ ಉಳಿದಿರುತ್ತೆ. ಕಟ್ಟಿದ್ದು ಬಿಟ್ಟ ಕ್ಷಣ ಅರ್ಧ ಸುತ್ತು ತಿರುಗುತ್ತೆ, ಬೆರಳಿಗೆ ಅಷ್ಟೇ ಸಾಕು. ದಪ್ಪ ಗ್ಲೌಸ್ ಕಾಪಾಡಲ್ಲ. ಮೆಷಿನ್ ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ಸಲಿಕೆ ಕ್ಲಿಪ್ ಹಾಕಿ ಕೊಟ್ಟಿರ್ತಾರೆ, ಅದು ಇರೋದೇ ಇದಕ್ಕೆ. ಬ್ಯಾಟರಿದಾದರೆ ಬ್ಯಾಟರಿ ತೆಗೆದೇ ಮುಟ್ಟಬೇಕು.

ಇನ್ನೊಂದು: ಚಳಿ ಅಂತ ಗರಾಜ್ ಒಳಗೆ ಸ್ಟಾರ್ಟ್ ಮಾಡಿ ಬಿಸಿ ಮಾಡೋರಿದ್ದಾರೆ. ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗರಾಜ್ ಮೇಲೇ ನಿಮ್ಮ ಮಕ್ಕಳು ಮಲಗೋ ಕೋಣೆ ಇರುತ್ತೆ.

ಸಪ್ತಾಪುರದವ · ಶನಿವಾರ ಬೆಳಿಗ್ಗೆ 9:00

ಇದನ್ನೆಲ್ಲಾ ಓದಿ ನಾ ಪ್ಲೌದಂವಂಗ ಇನ್ನೂ ಇಪ್ಪತ್ತು ಡಾಲರ್ ಟಿಪ್ಸ್ ಕೊಡಬೇಕಂತ ಮಾಡೀನಿ.

ಲೇಕ್‌ಎಫೆಕ್ಟ್_ಲಿಂಗಣ್ಣ · ಶನಿವಾರ ಬೆಳಿಗ್ಗೆ 9:30

😀 ಡಾಕ್ಟ್ರೇ, ಮನೆಯವರು ಓದಿಯಾಯ್ತು. ಪೆಟ್ರೋಲ್‌ಗೆ ಒಪ್ಪಿದ್ದಾರೆ, ಗರಾಜ್‌ನಲ್ಲಿ ವಾಸನೆ ಬರಬಾರದು ಅನ್ನೋ ಷರತ್ತಿನ ಮೇಲೆ. ಸ್ಪ್ಯಾನರ್ ಅವರೇ, ಬೇಸಿಗೆಯಲ್ಲಿ ಟ್ಯಾಂಕ್ ಖಾಲಿ ಇಡಬೇಕೋ ತುಂಬಿಸಿಡಬೇಕೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಹಳೇ_ಸ್ಪ್ಯಾನರ್ · ಶನಿವಾರ ಬೆಳಿಗ್ಗೆ 11:10

ಎರಡೂ ನಡೆಯುತ್ತೆ, ಅರ್ಧಂಬರ್ಧ ಬಿಡೋದು ನಡೆಯಲ್ಲ. ಇಲ್ಲಿ ಬಂಕಿನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ಪೆಟ್ರೋಲ್ ಹಳೇದಾಗ್ತಾ ಕಾರ್ಬೊರೇಟರಿನ ಸಣ್ಣ ಜೆಟ್‌ಗಳಲ್ಲಿ ಅಂಟು ಕಟ್ಟುತ್ತೆ. "ಕಳೆದ ವರ್ಷ ಚೆನ್ನಾಗಿತ್ತು, ಈ ವರ್ಷ ಸ್ಟಾರ್ಟೇ ಆಗ್ತಿಲ್ಲ" ಅಂತ ನನ್ನ ಹತ್ರ ಬರೋದರಲ್ಲಿ ಬಹುಪಾಲು ಇದೇ ಕಾಯಿಲೆ. ಎಥನಾಲ್ ಇಲ್ಲದ್ದು ಸಿಕ್ಕರೆ ಅದನ್ನೇ ಹಾಕಿ. ಪೆಟ್ರೋಲ್ ತಂದ ದಿನವೇ ಕ್ಯಾನಿಗೆ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ಹಾಕೋ ದ್ರವ) ಬೆರೆಸಿ. ಏಪ್ರಿಲ್ ಬಂದಾಗ ಟ್ಯಾಂಕಿನ ಪೆಟ್ರೋಲ್ ಸೈಫನ್ ಮಾಡಿ ಕಾರಿಗೆ ಸುರಿದು, ಅಡಿಯ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಸಾಯೋವರೆಗೆ ಓಡಿಸಿ. ವಾಸನೆಯ ಷರತ್ತೂ ಪಾಲನೆ ಆಗುತ್ತೆ.

ಲೇಕ್‌ಎಫೆಕ್ಟ್_ಲಿಂಗಣ್ಣ · ಮುಂದಿನ ಮಂಗಳವಾರ ರಾತ್ರಿ 8:45

ತಂದೆ! ಬರೆಯೋಕೆ ಈಗ ಪುರಸೊತ್ತಾಯ್ತು.

ಮೊದಲು ಹೋಗಿದ್ದು ಒಂದು ದೊಡ್ಡ ಅಂಗಡಿಗೆ. ಸಾಲಾಗಿ ಒಂಬತ್ತು ಹತ್ತು ನಿಲ್ಲಿಸಿದ್ದರು. ಗೇರ್‌ಬಾಕ್ಸ್ ಯಾವುದರಿಂದ ಮಾಡಿದ್ದು ಅಂತ ಕೇಳಿದೆ, ಹುಡುಗ ಡಬ್ಬ ಓದೋಕೆ ಶುರು ಮಾಡಿದ. ನಮಸ್ಕಾರ ಹಾಕಿ ಬಂದೆ. ಆಮೇಲೆ ನಮ್ಮ ಕಡೆಯ ಹಳೇ ಡೀಲರ್ ಹತ್ರ. ಕೌಂಟರಿನ ಹಿಂದೆ ಗೋಡೆ ತುಂಬ ಬೆಲ್ಟ್ ನೇತುಹಾಕಿದ್ದ, ಪ್ರತಿಯೊಂದಕ್ಕೂ ಕೈಬರಹದ ಚೀಟಿ. ಅಲ್ಲೇ ಅರ್ಧ ಮನಸ್ಸು ನಿಂತುಬಿಟ್ಟಿತು. ಕೆಂಪು, ಕಿತ್ತಳೆ ಎರಡೂ ಮಾರ್ತಾನೆ. ಮಂಡಿಯೂರಿ ಬಕೆಟ್ ಒಳಗೆ ಇಣುಕಿದ್ದು ನೋಡಿ "ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ" ಅಂತ ನಕ್ಕ.

ತಗೊಂಡಿದ್ದು ಆರಿಯನ್ಸ್ ಡಿಲಕ್ಸ್ 24: 254 ಸಿಸಿ ಎಂಜಿನ್, 14 ಇಂಚಿನ ಇಂಪೆಲ್ಲರ್, ಬೀಡು ಕಬ್ಬಿಣದ ಗೇರ್‌ಬಾಕ್ಸ್. 28 ಇಂಚಿನದಕ್ಕೂ ಕೈ ಹೋಗಿತ್ತು. ಗರಾಜ್‌ನಲ್ಲಿ ಎರಡು ಕಾರಿನ ಮುಂದೆ ಉಳಿಯೋ ಜಾಗ ಅಳೆದುಕೊಂಡು ಹೋಗಿದ್ದೆ, ಅದೇ ತೀರ್ಮಾನ ಮಾಡಿತು. ಕೌಂಟಿ ಟ್ಯಾಕ್ಸ್ ಸೇರಿ 8.75% ಕೂಡಿದ ಮೇಲೆ ಬಜೆಟ್ ಸ್ವಲ್ಪ ಮೀರಿತು. ಮನೆಗೆ ತಂದು ಇಳಿಸೋದು, ಟೈರ್, ಸ್ಕಿಡ್ ಶೂ ಸೆಟ್ ಮಾಡೋದು ಎಲ್ಲ ಅವನದೇ. ಕಾಂಕ್ರೀಟ್ ಮೇಲೆ ಸ್ಕ್ರೇಪರ್ ಪಟ್ಟಿಯ ಕೆಳಗೆ ತೆಳ್ಳಗಿನ ರಟ್ಟಿನ ತುಂಡಿಟ್ಟು ಎರಡೂ ಶೂಗಳನ್ನು ನೆಲಕ್ಕೆ ತಾಗಿಸಿ ಬಿಗಿದ. ನೋಡಿಯೇ ಕಲಿತೆ.

ನಿನ್ನೆ ರಾತ್ರಿ ಹನ್ನೊಂದು ಇಂಚು ಬಿತ್ತು. ಇವತ್ತು ಬೆಳಿಗ್ಗೆ ಪ್ಲೌ ಗುಡ್ಡೆಗೆ ಒಂದನೇ ಗೇರಿನಲ್ಲಿ ಹಾಕಿದೆ. ಎಂಜಿನ್ ದನಿ ಒಂದಿಷ್ಟು ಇಳಿದು ಮತ್ತೆ ಏರಿತು, ಮೆಷಿನ್ ನಿಲ್ಲಲಿಲ್ಲ. ಸ್ನೋ ಹೋಗಿ ತಾತನ ಬೇಲಿ ದಾಟಿ ಬಿತ್ತು. ಚೂಟ್ ತಿರುಗಿಸೋದು ಅಭ್ಯಾಸ ಆಗೋವರೆಗೆ ತಾತನಿಗೆ ಕಾಫಿ ಕೊಟ್ಟು ಸುಧಾರಿಸಬೇಕು. ರಸ್ತೆಗೆ ಎಸೆಯೋ ಹಾಗಿಲ್ಲವಲ್ಲ, ಟಿಕೆಟ್ ಕೊಡ್ತಾರೆ.

ಒಂದೇ ಕೊರತೆ. ಮೆಷಿನ್ ಹೊರಳಿಸೋವಾಗ ಅದು ತಾನಾಗಿ ತಿರುಗುತ್ತೆ ಅಂತಾರೆ. ಸಪಾಟು ಜಾಗದಲ್ಲಿ ಬೆರಳಲ್ಲಿ ತಿರುಗುತ್ತೆ, ನೆಲ ಏರುತಗ್ಗಾಗಿರೋ ಕಡೆ ತನಗೆ ಬೇಕಾದತ್ತ ಹೊರಡುತ್ತೆ.

ಹಳೇ_ಸ್ಪ್ಯಾನರ್ · ಮಂಗಳವಾರ ರಾತ್ರಿ 9:10

ಶುಭವಾಗಲಿ. ಹ್ಯಾಂಡಲ್ ಬಿಗಿ ಹಿಡಿದು ತಳ್ಳಬೇಡಿ, ಹಗುರ ಹಿಡಿದು ಹಿಂದೆ ನಡೀರಿ, ಆ ಚಾಳಿ ಅರ್ಧ ಕಡಿಮೆಯಾಗುತ್ತೆ. ಕೆಲವು ಗಂಟೆ ಓಡಿದ ಮೇಲೆ ಮೊದಲ ಎಣ್ಣೆ ಬದಲಾಯಿಸಿ, ಪುಸ್ತಕದಲ್ಲಿ ಬರೆದಿರುತ್ತೆ. ಹೊಸ ಎಂಜಿನ್ನಿನ ಲೋಹದ ಪುಡಿ ಅದರಲ್ಲೇ ಬರೋದು.

ಒಟ್ಟಾವಾ_ಭಟ್ರು · ಮಂಗಳವಾರ ರಾತ್ರಿ 9:40

ಕೆಲಸ ಮುಗಿದ ಮೇಲೆ ಎರಡು ನಿಮಿಷ ಸುಮ್ಮನೆ ಆಗರ್ ಓಡಿಸಿ ನೀರು ಹಾರಿಸಿ ಮಾರಾಯ್ರೇ, ಇಲ್ಲದಿದ್ದರೆ ಮರುದಿನಕ್ಕೆ ಎಲ್ಲ ಮಂಜುಗಡ್ಡೆಯಾಗಿ ಕಚ್ಚಿಕೊಂಡಿರ್ತದೆ. ಚೂಟಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ನಮ್ಮನೆಯಲ್ಲಿ ದೋಸೆ ಕಾವಲಿಗೆ ತಂದ ಎಣ್ಣೆ ಸ್ಪ್ರೇ ಹೊಡೆದು ಬೈಸಿಕೊಂಡದ್ದುಂಟು, ಕೆಲಸ ಮಾತ್ರ ಚೆನ್ನಾಗಿ ಆಯ್ತು.

ಸರೋವರದಾಚೆ (ಈರಿ, ಪೆನ್ಸಿಲ್ವೇನಿಯಾ) · ಬುಧವಾರ ಬೆಳಿಗ್ಗೆ 6:55

ಲಿಂಗಣ್ಣನವರೇ, ಆ ಟೆಕುಮ್ಸೆ ಎಂಜಿನ್ ಇನ್ನೂ ಇದೆಯಾ? ನನ್ನ ಬ್ಲೋವರ್ ನಿಮ್ಮದರ ತದ್ವಿರುದ್ಧ: ಗೇರ್‌ಬಾಕ್ಸ್ ಗಟ್ಟಿ ಇದೆ, ಎಂಜಿನ್ ಹೊಗೆ ಕಾರ್ತಿದೆ. ಹಾರ್ಬರ್ ಫ್ರೈಟ್ ಅಂಗಡಿಯ 212 ಸಿಸಿ ಪ್ರಿಡೇಟರ್ ಎಂಜಿನ್ ತಂದು ಕೂರಿಸೋಣ ಅಂತಿದ್ದೆ, ಶಾಫ್ಟ್ ಹೊಂದಲ್ಲ. ಎರಡು ವಿಷಯ ನೋಡಿ ಹೇಳಿ. ಶಾಫ್ಟ್ ಮುಕ್ಕಾಲು ಇಂಚೋ, ಒಂದು ಇಂಚೋ? ಹೊರಬರೋ ಶಾಫ್ಟ್ ಒಂದೇ ಇದೆಯೋ, ಪಕ್ಕದಲ್ಲಿ ಇನ್ನೊಂದು ಸಣ್ಣದು ಇದೆಯೋ? ಎರಡು ಶಾಫ್ಟಿನದಾದರೆ ನನಗೆ ಬರಲ್ಲ.

ಲೇಕ್‌ಎಫೆಕ್ಟ್_ಲಿಂಗಣ್ಣ · ಬುಧವಾರ ಸಂಜೆ 6:20

ಈಗಷ್ಟೇ ವರ್ನಿಯರ್ ಹಿಡಿದು ಅಳೆದೆ. ಒಂದು ಇಂಚು, ಒಂದೇ ಶಾಫ್ಟ್. ದುಡ್ಡು ಬೇಡ, ಬಂದು ತಗೊಂಡು ಹೋಗಿ. ಉಳಿದ ಕಬ್ಬಿಣ ಗುಜರಿಗೆ ಹೋಗುತ್ತೆ, ಎಣ್ಣೆ, ಪೆಟ್ರೋಲ್ ತೆಗೀದೆ ಅವರು ಮುಟ್ಟಲ್ಲವಂತೆ.

ಸರೋವರದಾಚೆ · ಬುಧವಾರ ಸಂಜೆ 6:31

ಸರಿಹೋಯ್ತು, ನನ್ನದೂ ಒಂದು ಇಂಚೇ. ಐ-90 ಹೆದ್ದಾರಿ ಹಿಡಿದರೆ ಒಂದೂಕಾಲು ಗಂಟೆ, ಶನಿವಾರ ಸ್ನೋ ಬೀಳದಿದ್ದರೆ ಹನ್ನೊಂದರ ಹೊತ್ತಿಗೆ ಬರ್ತೀನಿ. ನಾಲ್ಕು ಬೋಲ್ಟ್ ಬಿಚ್ಚೋ ಕೆಲಸ ನನಗೇ ಬಿಡಿ. ಟ್ಯಾಂಕ್ ಮಾತ್ರ ಈಗಲೇ ಖಾಲಿ ಮಾಡಿಟ್ಟಿರಿ, ಹೆಂಡತಿ ಕಾರಲ್ಲಿ ಬರ್ತಿರೋದು.